ಸೋಪಿನ ಡಬ್ಬಿಯೂ ಭಾವನ ಮೇಜೂ

ಹೊಟ್ಟೆಕಿಚ್ಚಿಗೆ ಬೆಳಕಿದ್ದಿದ್ದರೆ ನಮ್ಮ ಭಾವನಿಗೆ ಬೇರೆ ಲೇಸರೇ ಬೇಕಾಗಿರಲಿಲ್ಲ.

ಭಾವ ಎಂದರೆ ಅಕ್ಕನ ಗಂಡ. ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷದಿಂದ ಒಂದೇ ಲೇಸರನ್ನು ಸಾಕಿಕೊಂಡು ಬಂದವರು. ಅದರ ಮೇಜಿನ ಮೇಲೆ ಇಬ್ಬರು ಕಾಲು ಚಾಚಿ ಮಲಗಬಹುದು. ಲೇಸರಿನ ಕನ್ನಡಿಗಳನ್ನು ಒರೆಸುವುದೂ ಅವರೇ, ಹತ್ತಿರ ಸೀನಿದವರನ್ನು ಹೊರಗಟ್ಟುವುದೂ ಅವರೇ. ಅಲ್ಲಿನ ಉಗ್ರಾಣ ನೋಡಿಕೊಳ್ಳುವ ನಾನೂ ಒಂದು ನೆಗಡಿಯಲ್ಲಿ ಹಾಗೆ ಹೊರಬಿದ್ದವನೇ.

ಹೀಗಿರುವಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅಗ್ಗದ ಲೇಸರ್ ಚಿಪ್ಪೊಂದನ್ನು ಸೋಪಿನ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ಕೂರಿಸಿ ಬೆಳಕಿನ ಮಿಡಿತಗಳನ್ನು ಹೊರಡಿಸಿದಳು. ಯಾರೂ ಕದ್ದು ಓದಲಾಗದಂತೆ ಸಂದೇಶ ಬಿಚ್ಚುವ ಗುಟ್ಟಿನ ಕೀಲಿ ಕಳಿಸಲು ಇಂಥ ಮಿಡಿತಗಳೇ ಬೇಕು. ಈ ಕೆಲಸಕ್ಕೆ ಯಾವುದು ಸರಿ ಎಂದು ಎರಡನ್ನೂ ಪರೀಕ್ಷಿಸೋಣ, ಭಾವನದು ಸೋತರೆ ಮೇಜು ತೆಗೆಸುವುದು ಎಂದರು ಮುಖ್ಯಸ್ಥೆ.

“ಸೋಪಿನ ಡಬ್ಬಿಯಂತೆ! ನೊರೆ ಬರುತ್ತೆ, ಅಷ್ಟೆ,” ಎಂದರು ಭಾವ ಮನೆಯಲ್ಲಿ.

“ಮೂರು ದಿನದಿಂದ ಅದೇ ಮಾತಾಯ್ತಲ್ರೀ,” ಎಂದಳು ಅಕ್ಕ. “ಮದುವೆ ಹೊಸದರಲ್ಲಿ ನನ್ನ ಬಗ್ಗೇನೂ ಇಷ್ಟು ಮಾತಾಡಿರಲಿಲ್ಲ.”

ಒಂದು ಮಿಡಿತವನ್ನು ಅದರ ಮುಂದಿನದರ ಜೊತೆ ಬೆರೆಸಿ ನೋಡುವುದೇ ಪರೀಕ್ಷೆ. ಭಾವನ ಪರದೆಯಲ್ಲಿ ಕಪ್ಪು ಬಿಳುಪು ಪಟ್ಟೆಗಳು, ಎಣ್ಣೆ ಹಚ್ಚಿ ಬಾಚಿದ ತಲೆಯಂತೆ. ಹುಡುಗಿಯ ಪರದೆಯಲ್ಲಿ ಬರೀ ಮಬ್ಬು. ಪಟ್ಟೆ ಸ್ಪಷ್ಟವಾದಷ್ಟೂ ಲೇಸರು ಲೇಸು ಎಂಬುದು ಭಾವನ ಹತ್ತೊಂಬತ್ತು ವರ್ಷದ ನಂಬಿಕೆ.

“ಕನ್ನಡಕ ಒರೆಸ್ಕೊಳಮ್ಮ, ನಿನ್ನದೇನೂ ಕಾಣ್ತಾ ಇಲ್ಲ!”

“ಸರ್, ಇದಕ್ಕೆ ಮಬ್ಬೇ ಬೇಕು,” ಎಂದಳು ಹುಡುಗಿ ಮೆಲ್ಲಗೆ. “ಪಟ್ಟೆ ಬಂತು ಅಂದ್ರೆ ಒಂದು ಮಿಡಿತಕ್ಕೂ ಮುಂದಿನದಕ್ಕೂ ನಂಟಿದೆ ಅಂತ. ಕದಿಯೋನು ಆ ನಂಟು ಹಿಡ್ಕೊಂಡೇ ಒಳಗೆ ಬರ್ತಾನೆ. ನನ್ನ ಚಿಪ್ ಪ್ರತಿ ಸಲ ಪೂರ್ತಿ ಆರಿ, ಹೊಸದಾಗಿ ಹತ್ತಿಕೊಳ್ಳುತ್ತೆ. ಹಿಂದಿನದು ಅದಕ್ಕೆ ನೆನಪೇ ಇರಲ್ಲ.”

ಭಾವನಿಗೆ ನನ್ನ ಸೀನು ಇವತ್ತಿಗೂ ನೆನಪಿದೆ. ಅವರು ಸಾಕಿದ ಲೇಸರ್ ಬೇರೆ ಹೇಗಿದ್ದೀತು?

ಸೋಮವಾರ ಕನ್ನಡಿಗಳೆಲ್ಲ ಹತ್ತಿಯಲ್ಲಿ ಸುತ್ತಿಕೊಂಡು ನನ್ನ ಉಗ್ರಾಣಕ್ಕೆ ಬಂದವು. ಹಿಂದೆಯೇ ಭಾವ. ಒರೆಸುವ ಬಟ್ಟೆಯನ್ನೂ ಒಪ್ಪಿಸಿ, ನನ್ನನ್ನು ಎಳೆದುಕೊಂಡು ಹುಡುಗಿಯ ಬಳಿ ಹೋದರು. “ಕೊಡಮ್ಮ ಇಲ್ಲಿ,” ಎಂದು ಡಬ್ಬಿ ತೆಗೆದುಕೊಂಡು, ತಿರುಗಿಸಿ, ತಡವಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ಮುಚ್ಚಳದ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲವಿತ್ತು. ಬಿಗಿ ಮಾಡಿದರು.

“ಥ್ಯಾಂಕ್ಸ್ ಸರ್, ನಾನು ನೋಡೇ ಇರಲಿಲ್ಲ.”

ಹೊರಗೆ ಬಂದ ಮೇಲೆ ಭಾವ ನನ್ನ ಭುಜ ತಟ್ಟಿದರು. “ನೋಡಿದ್ಯಾ? ಸ್ಕ್ರೂ ಬಿಗಿ ಮಾಡೋಕೂ ಬರಲ್ಲ ಅದಕ್ಕೆ!”

ಅಂದು ಅವರು ಹೊಟ್ಟೆ ತುಂಬ ಊಟ ಮಾಡಿದರಂತೆ.