ಪಂಪಾಪತಿಯವರು ಕಿನ್ನಾಳದಲ್ಲಿ ಕೂತ ದಿನ

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸೀಮೆಯಲ್ಲಿ ಮನೆಯ ಇಂಟರ್ನೆಟ್ ಕೈಕೊಟ್ಟಾಗ ಜನ ನಮ್ಮ ಕಂಪನಿಗೆ ಬಾಯಿತುಂಬ ಬೈದು, ಕೊನೆಗೆ "ಪಂಪಾಪತಿಯವರನ್ನ ಕಳಸ್ರಿ" ಎಂದು ಹೆಸರು ಹಿಡಿದು ಕೇಳುತ್ತಾರೆ. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ ಟೆಲಿಫೋನ್ ಕಂಬ ಹತ್ತುವುದರಿಂದ ಮೊದಲುಗೊಂಡು ಇಂದಿನ ಫೈಬರ್ ಕೇಬಲ್ಲಿನವರೆಗೆ ಮೂವತ್ತಾರು ವರ್ಷ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಈ ಹಿರಿಯರ ಕುರಿತು ಈ ಬೀಳ್ಕೊಡುಗೆ ಪುಸ್ತಕದಲ್ಲಿ ಬರೆಯುವ ಭಾಗ್ಯ, ದೂರು ವಿಭಾಗದಲ್ಲಿ ಕುರ್ಚಿ ಬಿಟ್ಟು ಏಳದ ನನಗೆ ಸಿಕ್ಕಿದ್ದು ಸೋಜಿಗವೇ ಸರಿ.

ಮೂರು ವರ್ಷದ ಹಿಂದಿನ ಮಾತು. ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವ ರೇಣುಕಮ್ಮನವರ ಮನೆಯಲ್ಲಿ ದಿನಾ ಹಗಲು ನೆಟ್ ಹೋಗುತ್ತಿತ್ತು. ನಮ್ಮವರು ಸಂಜೆ ಹೋಗಿ ನೋಡಿದರೆ ಎಲ್ಲ ಸರಿ! ಅವರು ಒಂಬತ್ತು ಸಲ ಫೋನ್ ಮಾಡಿದ್ದರು; ನಾನು ಒಂಬತ್ತು ಸಲವೂ "ಮೋಡೆಮ್ ಆಫ್ ಮಾಡಿ ಆನ್ ಮಾಡ್ರಿ" ಎಂದು ಹೇಳಿ, ಮರಳಿ ವಿಚಾರಿಸದೆಯೇ ಕಂಪ್ಯೂಟರಿನಲ್ಲಿ "ದೂರು ಬಗೆಹರಿದಿದೆ" ಎಂದು ಒತ್ತಿಬಿಟ್ಟಿದ್ದೆ. ಹತ್ತನೆಯ ಸಲ ಅವರು ಅತ್ತರು.

"ಶುಕ್ರವಾರ ಹನ್ನೊಂದಕ್ಕ ದಿಲ್ಲಿ ಪ್ರದರ್ಶನದವರು ವಿಡಿಯೋದಾಗ ನನ್ನ ಕೆಲಸ ನೋಡಿ ಆರಿಸ್ತಾರವ್ವಾ. ಅವತ್ತೂ ನೆಟ್ ಹೋತಂದ್ರ ನನ್ನ ಮರದ ಗಿಳಿ ಯಾರು ನೋಡಬೇಕು?"

ಫೋನ್ ಇಟ್ಟವಳೇ ಎದ್ದು ಹೋಗಿ ಪಂಪಾಪತಿಯವರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, "ನಡೀರಿ ಅಮೃತಾ, ನೀವೂ ಬರ್ರಿ" ಎಂದು ಗುರುವಾರ ಬೆಳಗ್ಗೆಯೇ ಬೈಕ್ ಹತ್ತಿಸಿದರು.

ಮೋಡೆಮ್ ಮುಟ್ಟುವ ಮೊದಲು ಮನೆಯವರ ದಿನಚರಿ ನೋಡುವುದು ಅವರ ಪದ್ಧತಿ. "ದಿನಾ ಹೆಂಗ ಕೆಲಸ ಮಾಡ್ತೀರೋ ಹಂಗ ಮಾಡ್ರಿ. ನಾ ಇಲ್ಲೇ ಕುಂತಿರ್ತೀನಿ" ಎಂದು ಗೋಡೆಗೆ ಒರಗಿ ಕೂತರು. ನನಗೋ ಚಡಪಡಿಕೆ. ಹತ್ತೂವರೆಗೆ ರೇಣುಕಮ್ಮ ಆಗಷ್ಟೇ ಬಣ್ಣ ಹಚ್ಚಿದ ಗಿಳಿಗಳನ್ನು ತಂದು, ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಇದ್ದ ಕರಿ ದಾರಕ್ಕೆ ಒಂದೊಂದಾಗಿ ತೂಗುಹಾಕತೊಡಗಿದರು. ದಾರವೆಲ್ಲಿಯದು, ಅದು ನಮ್ಮದೇ ಕೇಬಲ್! ಹನ್ನೆರಡನೆಯ ಗಿಳಿಯ ಭಾರಕ್ಕೆ ಅದು ಮೊಳೆಯ ಹತ್ತಿರ ಮಡಿಚಿಕೊಂಡು ಮೋಡೆಮಿನಲ್ಲಿ ಕೆಂಪು ದೀಪ ಹತ್ತಿತು, ನೆಟ್ ಹೋಯಿತು. ಸಂಜೆ ಒಣಗಿದ ಗಿಳಿಗಳನ್ನು ತೆಗೆದ ಮೇಲೆ ಕೇಬಲ್ ಮತ್ತೆ ನೆಟ್ಟಗಾಗುತ್ತಿತ್ತು; ನಮ್ಮವರು ಹೋಗುತ್ತಿದ್ದುದು ಆಗಲೇ.

"ಅಯ್ಯ, ಛಲೋ ಗಟ್ಟಿ ಐತಿ ಅಂತ ಹಾಕಿದ್ನಲ್ರಿ ಯಪ್ಪಾ!" ಎಂದು ರೇಣುಕಮ್ಮ ನಾಚಿದರು.

"ತಪ್ಪು ನಿಮ್ದಲ್ರಿ. ಗೋಡಿಗೆ ಬಡಿಯೋದು ಬಿಟ್ಟು ಹಂಗ ಜೋತಬಿಟ್ಟವರು ನಾವು" ಎಂದ ಪಂಪಾಪತಿಯವರು ಹೊಸ ಕೇಬಲ್ಲನ್ನು ಗೋಡೆಯಂಚಿಗೆ ಬಡಿದು, ಗಿಳಿಗಳಿಗಾಗಿ ಬೇರೆ ಹಗ್ಗವನ್ನೂ ಕಟ್ಟಿಕೊಟ್ಟರು. ಮರಳುವಾಗ ನನಗೆ ಹೇಳಿದ್ದು ಇಷ್ಟೇ: "ನಾಳೆ ಹನ್ನೆರಡಕ್ಕ ಅವರಿಗೆ ಫೋನ್ ಮಾಡ್ರಿ. ಛಲೋ ಐತಿ ಅಂತ ಅವರು ಅಂದಮ್ಯಾಲ ದೂರು ಮುಚ್ಚರಿ."

ಮಾಡಿದೆ.

"ಆರಿಸ್ಯಾರವ್ವಾ! ಗಿಳಿ ಭಾಳ ಮನಸಿಗೆ ಬಂದ್ವಂತ!"

ಆಮೇಲೆಯೇ ಆ ದೂರನ್ನು ಮುಚ್ಚಿದೆ. ಅಂದಿನಿಂದ ಹಾಗೆ ಕೇಳದೆ ಒಂದು ದೂರನ್ನೂ ನಾನು ಮುಚ್ಚಿಲ್ಲ.

ಇನ್ನು ಮುಂದೆ ಗಂಗಾವತಿಯಲ್ಲಿ ಹೊಸಬರಿಗೆ ಕೆಲಸ ಕಲಿಸಲು ಹೊರಟಿರುವ ಪಂಪಾಪತಿಯವರು ನೂರು ವರ್ಷ ಗಟ್ಟಿಮುಟ್ಟಾಗಿರಲಿ; ಇನ್ನೂ ನೂರಾರು ಪಡಸಾಲೆಗಳಲ್ಲಿ ಹೀಗೆಯೇ ಸಾವಧಾನವಾಗಿ ಕೂರಲಿ. ಒಂಬತ್ತು ಸಲ ನಾನು ಸುಳ್ಳು ಒತ್ತಿದ್ದನ್ನು ಅವರು ನಮ್ಮ ಕಚೇರಿಯ ಸಾಹೇಬರಿಗೆ ಹೇಳಲಿಲ್ಲ, ಈ ಮೂರು ವರ್ಷ ಯಾರಿಗೂ ಹೇಳಲಿಲ್ಲ. ಸಾಹೇಬರೂ ಓದುವ ಈ ಪುಸ್ತಕದಲ್ಲಿ ಇಂದು ನಾನೇ ಬರೆದಿದ್ದೇನೆ.