ಬಣ್ಣ ಹಾಕದ ಚಕ್ರ

“ನಮ್ಮನೇಲಿ ಪಿಯುಸಿ ದಾಟ್ದೋರೇ ಇಲ್ಲ. ಇವ್ಳು ಇಂಜಿನಿಯರ್ ಆದಂಗೇ ಐತೆ,” ಎಂದು ನಾನು ಇಂಜಿನಿಯರಿಂಗ್ ಸೇರಿದ ದಿನ ಆಡಿಕೊಂಡವರು ನನ್ನ ದೊಡ್ಡಪ್ಪ. ಹೇಳಿದ್ದು ಚನ್ನಪಟ್ಟಣದ ನಮ್ಮ ಬೀದಿಯಲ್ಲೇ ನಿಂತು, ಎದುರು ಮನೆಯ ಚಾಚಾಗೂ ಕೇಳುವಂತೆ. ಚಾಚಾ ಹತ್ತೂ ಉಗುರಿನ ಸಂದಿಯಲ್ಲಿ ಕೆಂಪು, ಹಳದಿ, ಹಸಿರು ಅರಗು ಕೂತಿದ್ದ ಕೈಯಿಂದ ಒಂದು ಬುಗುರಿಯನ್ನು ಜಗಲಿಯ ಮೇಲೆ ತಿರುಗಿಸಿ ಬಿಟ್ಟು, ಅದು ನಿಲ್ಲುವವರೆಗೂ ನೋಡುತ್ತಾ ಕೂತರು.

ಚಾಚಾ ಗೊಂಬೆ ಮಾಡುವವರು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹತ್ತುತ್ತದೆ. ವೇಗ ಹೆಚ್ಚಾದರೆ ಸಿಡಿಯುತ್ತದೆ, ಕಡಿಮೆಯಾದರೆ ಹತ್ತುವುದಿಲ್ಲ. ಅವರು ಅರಗಿನ ವಾಸನೆ ಹಿಡಿದು ವೇಗವನ್ನು ಮೂಗಿನಲ್ಲೇ ಹೇಳುತ್ತಿದ್ದರು. ಬಣ್ಣವಿಲ್ಲದ ಮರ ಅವರ ಹೊಸ್ತಿಲು ದಾಟುತ್ತಿರಲಿಲ್ಲ. ಮನೆಯ ಲಟ್ಟಣಿಗೆಯ ಹಿಡಿಗೂ ಎರಡು ಪಟ್ಟೆ ಇತ್ತು. ಬಣ್ಣ ಸರಿಯಾಗಿ ಕೂರದ ದಿನ ಅವರು ಯಾರನ್ನೂ ಬೈಯುತ್ತಿರಲಿಲ್ಲ. “ನೆನ್ನೆ ಚೆನ್ನಾಗಿತ್ತಲ್ಲ. ನೆನ್ನೆಯಿಂದ ಏನ್ ಬದಲಾಯ್ತು?” ಎಂದು ಲೇತನ್ನೇ ಕೇಳುತ್ತಿದ್ದರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಅದೇ ಲೇತು. ಅದಕ್ಕೊಂದು ಡಿಸಿ ಮೋಟಾರು, ಕಡ್ಡಿ ಎಷ್ಟೇ ಒತ್ತಿದರೂ ವೇಗ ಕುಗ್ಗದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ಕಂಟ್ರೋಲರು. ಮೋಟಾರಿನ ತುದಿಗೆ ಚಾಚಾ ಹಾಲೆ ಮರದಲ್ಲಿ ಪುಟ್ಟ ಚಕ್ರ ಕಡೆದುಕೊಟ್ಟರು. ಅದರ ಮೇಲೆ ನಾನು ಕಪ್ಪು ಗೆರೆ ಎಳೆದೆ. ಪಕ್ಕದ ಸೆನ್ಸರ್ ಆ ಗೆರೆಗಳನ್ನು ಎಣಿಸಿ ಕಂಟ್ರೋಲರಿಗೆ ವೇಗ ತಿಳಿಸಬೇಕು. ತಿಳಿಸಿತು ಕೂಡ. ಅವತ್ತು ಚಾಚಾ ಒಂದೇ ಸಮನೆ ಹತ್ತು ಗಿಲಕಿಗೆ ಬಣ್ಣ ಹಾಕಿದರು.

ಪರೀಕ್ಷಕರು ಬರುವ ಹಿಂದಿನ ದಿನ ಬೆಳಿಗ್ಗೆ ಸ್ವಿಚ್ ಒತ್ತಿದರೆ ಮೋಟಾರು ಕಿರುಚಿಕೊಂಡು ಪೂರ್ತಿ ವೇಗಕ್ಕೆ ಏರಿತು. ನಾಬ್ ತಿರುಗಿಸಿದರೂ ಇಳಿಯಲಿಲ್ಲ. ಟ್ರಾನ್ಸಿಸ್ಟರ್ ಸುಟ್ಟಿರಬೇಕೆಂದು ಬದಲಿಸಿದೆ. ಹೊಸದೂ ಅದನ್ನೇ ಮಾಡಿತು. ವೈರು, ಬೆಸುಗೆ ಎಲ್ಲ ನೋಡಿದೆ. ಮಧ್ಯಾಹ್ನವಾಯಿತು. ಪ್ರಾಜೆಕ್ಟ್ ಹೋದರೆ ಡಿಗ್ರಿ ಹೋಯಿತು, ದೊಡ್ಡಪ್ಪನ ಮಾತು ಉಳಿಯಿತು. ಬೇರೇನೂ ತೋಚದೆ ಚಾಚಾರ ಪ್ರಶ್ನೆಯನ್ನು ಚಾಚಾರಿಗೇ ಕೇಳಿದೆ: ನೆನ್ನೆಯಿಂದ ಏನು ಬದಲಾಯಿತು?

ಅವರು ಗಡ್ಡ ಕೆರೆದುಕೊಂಡರು.

“ನಾನೇನೂ ಮುಟ್ಟಿಲ್ಲ ಬೇಟಾ. ದೊಡ್ಡೋರೆಲ್ಲ ನೋಡಕ್ಕೆ ಬತ್ತಾರೆ, ಚಕ್ರ ಬೋಳಾಗೈತೆ ಅಂತ ಒಸಿ ಬಣ್ಣ ಹಾಕ್ದೆ, ಅಷ್ಟೇಯ.”

ಬಗ್ಗಿ ನೋಡಿದೆ. ಚಕ್ರ ಹೊಸ ಮದುಮಗಳ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ನನ್ನ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಪಾಪ, ಗೆರೆ ಕಾಣದ ಸೆನ್ಸರ್ ‘ಮೋಟಾರು ನಿಂತೇ ಇದೆ’ ಎನ್ನುತ್ತಿತ್ತು. ಕಂಟ್ರೋಲರು ‘ಓಡು, ಓಡು’ ಎಂದು ತಳ್ಳುತ್ತಿತ್ತು. ನನಗೆ ಅಳು ಬರಬೇಕಿತ್ತು, ನಗು ಬಂತು. ಚಾಚಾ ಮೊದಲು ಪೆಚ್ಚಾದರು, ಆಮೇಲೆ ನನಗಿಂತ ಜೋರಾಗಿ ನಕ್ಕರು. ಉಳಿ ಹಿಡಿದು ಕೂತು ಸಂಜೆಯೊಳಗೆ ಇನ್ನೊಂದು ಚಕ್ರ ಕಡೆದರು. ಕೊಡುವಾಗ ಅದನ್ನು ಎರಡು ಸಲ ಹಿಂದಕ್ಕೆಳೆದುಕೊಂಡರು. “ಬೋಳು ಮರ ಕೈಯಾರೆ ಕೊಡ್ತಾ ಇರೋದು ಇದೇ ಮೊದ್ಲು ಕಣಮ್ಮ,” ಎಂದರು. ಮರುದಿನ ಮೋಟಾರು ಹೇಳಿದಂತೆ ಕೇಳಿತು.

ಚಾಚಾ ಈಗಿಲ್ಲ. ಕಂಟ್ರೋಲರ್ ರಿಪೇರಿಯೇ ನನ್ನ ಅನ್ನವಾಗಿದೆ. ಎಲ್ಲಿಗೆ ಹೋದರೂ ಮೀಟರ್ ತೆಗೆಯುವ ಮೊದಲು ನಾನು ಕೇಳುವುದು ಅವರದೇ ಪ್ರಶ್ನೆ. ಚೆನ್ನಾಗಿ ಕಾಣಲಿ ಅಂತ ಯಾರಾದರೂ ಏನಾದರೂ ಮಾಡಿದಿರಾ ಎಂದೂ ಸೇರಿಸುತ್ತೇನೆ.

ಚಾಚಾ ಇದ್ದಾಗಲೇ ಡಿಗ್ರಿ ಸರ್ಟಿಫಿಕೇಟ್ ಬಂತು. ಆ ದಿನ ಅದನ್ನು ಮೊದಲು ಅವರ ಕೈಗೇ ಕೊಟ್ಟೆ. ಲುಂಗಿಗೆ ಮೂರು ಸಲ ಕೈ ಒರೆಸಿಕೊಂಡು, ಅಂಚು ಮಾತ್ರ ಹಿಡಿದು, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. ಅಷ್ಟರಲ್ಲಿ ದೊಡ್ಡಪ್ಪ ಬಂದು ಅವರ ಹೆಗಲ ಮೇಲಿಂದ ಇಣುಕಿದರು. ನನ್ನ ಹೆಸರಿನ ಮೇಲೆ ನಿಧಾನವಾಗಿ ಬೆರಳಾಡಿಸಿ, ನನ್ನ ಕಡೆ ತಿರುಗಿದರು.

“ಬಿರ್‍ನೆ ಲ್ಯಾಮಿನೇಷನ್ ಮಾಡ್ಸವ್ವ. ಈ ಸಾಬ್ರು ಇದುಕ್ಕೂ ಬಣ್ಣ ಹಾಕ್ಬುಟ್ಟಾರು.”