ಕೂಲರ್ ಗಾಳಿಗೆ ಸಿಕ್ಕ ಉಪ್ಪು

ನಾನು ಹಟಮಾರಿ. ನನ್ನ ಗೈಡ್ ಇದನ್ನು ಮೊದಲ ವರ್ಷವೇ ಹೇಳಿದ್ದರು, ನಾನು ಹೊಗಳಿಕೆ ಎಂದುಕೊಂಡಿದ್ದೆ. ಚಿತ್ತಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ರಜೆ ಸಿಕ್ಕಾಗ ಪಿಎಚ್‌ಡಿ ಕೆಲಸ ಮಾಡುತ್ತಿದ್ದೆ. ವಿಷಯ ಲಿಥಿಯಂ ಬ್ಯಾಟರಿಯ ಒಳಗಿನ ದ್ರವ. ಆ ದ್ರವದಲ್ಲಿ ಒಂದು ಉಪ್ಪು ಕರಗಿರುತ್ತದೆ, ಬ್ಯಾಟರಿಯ ಜೀವವೆಲ್ಲ ಅದರಲ್ಲೇ. ಎಲ್ಲರೂ ಬಳಸುವ ಉಪ್ಪಿಗೆ ಬಿಸಿ ಆಗಿಬರುವುದಿಲ್ಲ. ಕಾದರೆ ಒಡೆಯುತ್ತದೆ, ತುಸು ನೀರು ಸೇರಿದರೆ ಆಮ್ಲವಾಗಿ ಬ್ಯಾಟರಿಯನ್ನು ಒಳಗಿನಿಂದಲೇ ತಿನ್ನುತ್ತದೆ. ಶಹಾಬಾದ್, ವಾಡಿಯ ಮೇ ತಿಂಗಳ ಬಿಸಿಲನ್ನು ಕಂಡವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಕಾಳಗಿಯಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಎಲೆಕ್ಟ್ರಿಕ್ ಸ್ಕೂಟರ್ ಎರಡನೆಯ ಬೇಸಿಗೆಗೇ ಅರ್ಧ ದಾರಿಯಲ್ಲಿ ನಿಲ್ಲತೊಡಗಿತ್ತು. "ಇಷ್ಟ್ ಓದಿದ್ದು ನನ್ನ ಗಾಡಿಗರ ಉಪಯೋಗ ಬರಲಿ ಅಕ್ಕಾ" ಎಂದು ಕೆಣಕುತ್ತಿದ್ದಳು.

ನಾನು ಹಿಡಿದದ್ದು ಬೋರಾನ್ ಇರುವ ಬೇರೆ ಉಪ್ಪು, ಮತ್ತು ಅದನ್ನು ಕರಗಿಸಲು ಬೇಗ ಆವಿಯಾಗದ ಬೇರೆ ದ್ರಾವಕ. ಬಿಸಿಗೆ ಜಗ್ಗದ ಜೋಡಿ ಅದು, ಆದರೆ ಉಪ್ಪಿಗೆ ನೀರು ಸೋಕಬಾರದು. ನಮ್ಮ ಲ್ಯಾಬಿನ ಒವನ್‌ನಲ್ಲಿ ಗಾಳಿ ಹೀರಿಸಿ ಉಪ್ಪನ್ನು ಒಣಗಿಸುತ್ತಿದ್ದೆ. ಸೀಸೆಗೆ ತುಂಬಿ, ಬಿರಡೆ ಬಿಗಿದು, ವಾಡಿಯಿಂದ ರೈಲಿನಲ್ಲಿ ಹೈದರಾಬಾದಿಗೆ ಒಯ್ಯುತ್ತಿದ್ದೆ. ಹೊರಗಿನ ಗಾಳಿ ಸೋಕದಂತೆ ಕೆಲಸ ಮಾಡುವ ಗಾಜಿನ ಪೆಟ್ಟಿಗೆ ಇದ್ದದ್ದು ಅಲ್ಲಿಯ ಒಂದು ಸಂಸ್ಥೆಯಲ್ಲಿ. ಅದರೊಳಗೆ ಅಂಗಿಯ ಗುಂಡಿಯಷ್ಟು ಬ್ಯಾಟರಿಗಳನ್ನು ಕಟ್ಟಿ ತರುತ್ತಿದ್ದೆ.

ಎರಡು ಬೇಸಿಗೆಗಳಲ್ಲಿ ಮೂರು ಸಲ ಕಟ್ಟಿದೆ. ಮೂರೂ ಸಲ ಕೆಟ್ಟವು. ತಿಳಿಯಾಗಿರಬೇಕಾದ ದ್ರವ ಸುಣ್ಣದ ನೀರಿನ ಹಾಗೆ ಕದಡಿರುತ್ತಿತ್ತು. ಒಣಗಿಸುವಾಗ ತೇವ ಸೇರಿರಬಹುದೇ ಎಂದು ಹೈದರಾಬಾದಿನವರು ಕೇಳಿದಾಗ ನನಗೆ ಸಿಟ್ಟು ಬಂತು. ನಮ್ಮ ಕಡೆಯ ಬೇಸಿಗೆಯಲ್ಲಿ ತೇವ ಎಲ್ಲಿಂದ ಬರಬೇಕು, ಒಗೆದ ಸೀರೆ ಹರವಿ ತಿರುಗುವಷ್ಟರಲ್ಲಿ ಒಣಗುತ್ತದೆ ಎಂದೆ. ಉಪ್ಪು ಮಾರಿದವರದೇ ದೋಷ ಎಂದು ಪ್ರಗತಿ ವರದಿಯಲ್ಲಿ ಬರೆದೂ ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಮಾಡುತ್ತಿದ್ದೇನೆಂದು ಆಗ ಅನ್ನಿಸಲೇ ಇಲ್ಲ.

"ನೋಡವ್ವ, ಇನ್ನೊಂದೇ ಸಲ" ಎಂದರು ಗೈಡ್. "ಈ ಸಲನೂ ಕೆಟ್ರ ಈ ಉಪ್ಪು ಬಿಟ್ಟುಬಿಡು. ಹಳೇ ಉಪ್ಪಿನ ಮ್ಯಾಲೇ ಥೀಸಿಸ್ ಮುಗಿಸು."

"ಆಗಲಿ ಸರ್" ಎಂದು ತಲೆಯಾಡಿಸಿದೆ. ಬಿಡುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆ ಉಪ್ಪಿನ ಮೇಲೆ ನನಗೆ ನಂಬಿಕೆಯಿತ್ತು, ನಾಲ್ಕು ವರ್ಷ ಅದಕ್ಕೇ ಸುರಿದಿದ್ದೆ.

ನಾಲ್ಕನೆಯ ಸಲದ ಉಪ್ಪು ಒವನ್‌ನಲ್ಲಿತ್ತು, ಮಧ್ಯಾಹ್ನ ತೆಗೆಯಬೇಕಿತ್ತು. ಲ್ಯಾಬಿನಲ್ಲಿ ಊಟ ಮಾಡಬಾರದು ಎಂದು ವಿದ್ಯಾರ್ಥಿಗಳಿಗೆ ವರ್ಷವಿಡೀ ಹೇಳುವ ನಾನೇ ಅಲ್ಲಿ ಬುತ್ತಿ ಬಿಚ್ಚಿದೆ, ಏಕೆಂದರೆ ಕೂಲರ್ ಇದ್ದದ್ದು ಅಲ್ಲಿ ಮಾತ್ರ. ಅಟೆಂಡರ್ ಕೆಲಸದ ಹೆಂಗಸು ಹತ್ತಿರದ ದಂಡೋತಿ ಊರಿನವರು, ನನಗಿಂತ ಹಿರಿಯರು. ಒವನ್ ತೆಗೆಯುವ ದಿನ ಕೂಲರಿಗೆ ನೀರು ತುಂಬಿ, ಬಂಡೆಗಲ್ಲಿನ ನೆಲಕ್ಕೂ ನೀರು ಚಿಮುಕಿಸಬೇಕೆಂದು ನಾನೇ ಅವರಿಗೆ ಹೇಳಿಟ್ಟಿದ್ದೆ. ನಮ್ಮ ಮನೆಗಳಲ್ಲಿ ಬೇಸಿಗೆಯ ಮಧ್ಯಾಹ್ನ ಯಾವ ಕೆಲಸಕ್ಕೆ ಕೂರುವ ಮೊದಲೂ ಹಾಗೆಯೇ ಮಾಡುತ್ತಾರೆ. ಅವತ್ತು ಅವರು ಕರಿದ ಹಪ್ಪಳ ತಂದಿದ್ದರು. ಮೇಜಿನ ಮೇಲಿಟ್ಟು ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಅವು ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

"ಹಪ್ಪಳ ಬರೋಬ್ಬರಿ ಒಣಗಿಲ್ಲೇನಕ್ಕಾ?" ಎಂದೆ.

"ಹಪ್ಪಳದ್ದೇನ್ ತಪ್ಪರಿ ಮೇಡಂ? ಕೂಲರ್ ಮುಂದ ಇಟ್ರ ಮೆತ್ತಗಾಗದೇ ಏನ್ ಮಾಡ್ತಾವ? ನಮ್ಮ ಮನ್ಯಾಗ ಕೂಲರ್ ಖೋಲ್ಯಾಗ ಕಡ್ಡಿಪೆಟಗಿನೂ ಇಡಂಗಿಲ್ರಿ."

ನಾನು ಕೂಲರ್ ನೋಡಿದೆ. ಅದು ಒವನ್ನಿಗೇ ಮುಖ ಮಾಡಿ ಬೀಸುತ್ತಿತ್ತು. ಮೂರು ಸಲವೂ ನಾನು ಆ ಒದ್ದೆ ಗಾಳಿಯಲ್ಲೇ ಬಾಗಿಲು ತೆಗೆದು, ಪುಡಿಯನ್ನು ಸೀಸೆಗೆ ಸುರಿದಿದ್ದೆ. ಹೊರಗಿನ ಒಣ ಬಿಸಿಲನ್ನು ನಂಬಿ, ಒಳಗೆ ನಾನೇ ಮಳೆಗಾಲ ಮಾಡಿಕೊಂಡಿದ್ದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ಎಂಎಸ್ಸಿ ಓದಿದ ತಲೆಗೆ ಹೊಳೆಯದ್ದು ಹಪ್ಪಳ ಇಡುವವರಿಗೆ ಗೊತ್ತಿತ್ತು.

ಒವನ್ ಮುಟ್ಟಲಿಲ್ಲ. ಕೂಲರ್ ಆರಿಸಿ ಹೊರಗೆ ಹಾಕಿದೆವು. ಅಕ್ಕ ನೆಲವನ್ನು ಒಣ ಬಟ್ಟೆಯಿಂದ ಎರಡು ಸಲ ಒರೆಸಿದರು. ಮರುದಿನ ಕಿಟಕಿ ಮುಚ್ಚಿ, ಫ್ಯಾನೂ ಹಾಕದೆ ಕೆಲಸಕ್ಕಿಳಿದೆ. ಒವನ್‌ನ ಬಾಯಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ಕಟ್ಟಿ, ಸಿಲಿಂಡರಿನಿಂದ ಒಣ ನೈಟ್ರೋಜನ್ ತುಂಬಿ, ಚೀಲದ ಹೊರಗಿನಿಂದಲೇ ಹಿಡಿದು ಅದರೊಳಗೇ ಪುಡಿ ತುಂಬಿ ಸೀಸೆ ಮುಚ್ಚಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಅಕ್ಕ ಪಕ್ಕದಲ್ಲಿ ನಿಂತು ತಮ್ಮ ಸೆರಗಿನಿಂದಲೇ ನನ್ನ ಹಣೆ ಒರೆಸುತ್ತಿದ್ದರು. "ಮುಗೀಲಿ ಮೇಡಂ, ತಲಿ ಅಲ್ಲಾಡಿಸಬ್ಯಾಡ್ರಿ" ಎಂದು ಗದರಿದರು.

ಹೈದರಾಬಾದಿನಲ್ಲಿ ಆ ಉಪ್ಪು ತಿಳಿಯಾಗಿ ಕರಗಿತು. ಬ್ಯಾಟರಿಗಳನ್ನು ತಂದು ಐವತ್ತೈದು ಡಿಗ್ರಿ ಬಿಸಿಯಲ್ಲಿ ವಾರಗಟ್ಟಲೆ ತುಂಬಿಸಿ ಖಾಲಿ ಮಾಡಿದೆ. ಒಂದೂ ಉಬ್ಬಲಿಲ್ಲ. ಗೈಡ್ ಗ್ರಾಫ್ ನೋಡಿ, "ಗಟ್ಟಿ ಅದ ನೋಡು ನಿನ್ನ ಉಪ್ಪು" ಎಂದರು. ಖುಷಿಗೆ ನನಗೆ ಅಳುವೇ ಬಂತು.

ಥೀಸಿಸ್ ಬರೆಯುವಾಗ ಮೊದಲ ಮೂರು ಸಲದ ವಿಷಯ ಬಂತು. "ವಾತಾವರಣದ ತೇವದಿಂದ ಅಂತ ಒಂದ್ ಸಾಲು ಹಾಕಿ ಮುಗಿಸು. ಕೂಲರ್ ಸುದ್ದಿ ಯಾಕ ಬೇಕು? ನಗ್ತಾರ" ಎಂದರು ಗೈಡ್.

ನಗಲಿ. ನನ್ನ ನಂತರ ಇದನ್ನು ಕೈಗೆತ್ತಿಕೊಳ್ಳುವವರೂ ಕಲಬುರಗಿ ಸೀಮೆಯ ಯಾವುದೋ ಕಾಲೇಜಿನಲ್ಲಿ, ಇಂಥದೇ ಬೇಸಿಗೆಯಲ್ಲಿ ಕುಳಿತಿರುತ್ತಾರೆ. ಮೂರು ಸಲ ಕೆಟ್ಟಿತು ಎಂಬುದನ್ನಷ್ಟೇ ಓದಿ ಅವರು ಉಪ್ಪನ್ನೇ ಬಿಟ್ಟಾರು. ಮಾರಿದವರಿಗೆ ಕ್ಷಮೆ ಕೇಳಿ ಪತ್ರ ಹಾಕಿದೆ, ಹಳೆಯ ವರದಿಯನ್ನು ತಿದ್ದಿ ಕೊಟ್ಟೆ. ಥೀಸಿಸ್ಸಿನಲ್ಲಿ ಹೀಗೆ ಬರೆದೆ: ಉಪ್ಪಿನಲ್ಲಿ ದೋಷವಿರಲಿಲ್ಲ, ಅದಕ್ಕೆ ನೀರು ಸೇರಿಸಿದವಳು ನಾನು.